ಕಡಲ ದಾರಿಯಲ್ಲಿ ನಾವಿಬ್ಬರು, ಜೊತೆಗೊಬ್ಬ ದೆಲ್ಲಾ ವಾಲೆ

ತುಂಬಾ ದಿನವಾಯಿತು ಇಲ್ಲಿ ಏನೂ ಬರೆಯದೆ. ಸೋಮಾರಿತನ ಅಂತ ಬೈದುಕೊಳ್ಳಬೇಡಿ. ಕಾರಣ ಇದೆ, ಹೇಳುತ್ತೇನೆ.

ಹೋದ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ಇಬ್ಬರೇ ಕರಾವಳಿಗೆ ಹೋಗಿಬರೋಣ ಅಂತ ರಜೆ ಹಾಕಿ, ಉಳಿದುಕೊಳ್ಳಲು ರೂಮನ್ನೂ ನೋಡಿಟ್ಟಿದ್ದೆ. ಆದರೆ ಆ ದಿನ ಬಂದಾಗ ಇವಳು ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯ ಆಪರೇಷನ್, ಆಮೇಲೆ ಜ್ವರ, ಒಟ್ಟು ಹನ್ನೊಂದು ದಿನ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಏನಾದರೂ ಓದುತ್ತಾ ಹೊತ್ತು ಕಳೆಯುತ್ತಿದ್ದೆ. ಕರಾವಳಿಗಂತೂ ಹೋಗಲಾಗಲಿಲ್ಲ, ಅದರ ಬಗ್ಗೆಯಾದರೂ ಓದೋಣ ಅಂತ ಹುಡುಕಿದಾಗ ಸಿಕ್ಕಿದವನೇ ಈ ಪಿಯೆತ್ರೊ ದೆಲ್ಲಾ ವಾಲೆ.

ರೋಮ್ ನಗರದ ಶ್ರೀಮಂತ ಮನೆತನದವನು. 1586ರಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ಟರ್ಕಿ, ಈಜಿಪ್ಟ್, ಪರ್ಷಿಯಾ ಎಲ್ಲ ಸುತ್ತಿ 1623ರ ಆರಂಭದಲ್ಲಿ ಸೂರತ್ತಿಗೆ ಬಂದಿಳಿದ. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸೈನಿಕನೂ ಅಲ್ಲ. ಸುಮ್ಮನೆ ನೋಡಲು ಬಂದವನು. ನೋಡಿದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಗೆಳೆಯನಿಗೆ ಉದ್ದುದ್ದ ಪತ್ರ ಬರೆಯುತ್ತಿದ್ದ. ಒಂಥರಾ ನಮ್ಮ ಹಾಗೇ ಅನ್ನಿ! ಆ ಪತ್ರಗಳು ಪುಸ್ತಕವಾಗಿ, 1664ರಲ್ಲೇ ಇಂಗ್ಲಿಷಿಗೂ ಬಂದವು. ಈಗ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಓದುತ್ತಾ ಹೋದರೆ ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ, ಬಸರೂರು, ಮಂಗಳೂರು! ನಾವು ಹೋಗಬೇಕೆಂದುಕೊಂಡಿದ್ದ ದಾರಿಯಲ್ಲೇ ನಾನೂರು ವರ್ಷದ ಹಿಂದೆ ಓಡಾಡಿದ್ದಾನೆ ಆಸಾಮಿ.

ಹೀಗಾಗಿ ಈ ವರ್ಷ, ಇಪ್ಪತ್ತಾರನೆಯದಕ್ಕೆ, ಹೊರಟೇಬಿಟ್ಟೆವು. ದಾರಿಯುದ್ದಕ್ಕೂ ಇವಳಿಗೆ ದೆಲ್ಲಾ ವಾಲೆಯ ಕಥೆ ಹೇಳುತ್ತಾ ಹೋದೆ. ಒಂದನ್ನು ಮಾತ್ರ ಬಿಟ್ಟು. ಅದನ್ನು ಆಮೇಲೆ ಹೇಳುತ್ತೇನೆ.

ಇವಳ ತವರು ಸಾಗರ. ಮೊದಲ ರಾತ್ರಿ ಅತ್ತೆ ಮನೆಯಲ್ಲೇ ಉಳಿದು, ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದೆವು. ಕರಾವಳಿ ಅಂತ ಹೇಳಿ ಘಟ್ಟದ ಮೇಲೆ ಸುತ್ತಿಸುತ್ತಿದ್ದಾನಲ್ಲ ಅನ್ನಬೇಡಿ. ಆ ಕಾಲದ ಕರಾವಳಿಯ ಬಾಗಿಲಿನ ಬೀಗದ ಕೈ ಇದ್ದದ್ದೇ ಇಲ್ಲಿ. ಕೆಳದಿಯ ವೆಂಕಟಪ್ಪ ನಾಯಕ ಇಕ್ಕೇರಿಯಲ್ಲಿ ಕೂತು ಕೆಳಗಿನ ತುಳುನಾಡಿನ ಅರಸರನ್ನು ಒಬ್ಬೊಬ್ಬರಾಗಿ ಅಡಗಿಸುತ್ತಿದ್ದ. ಮೆಣಸು ಮತ್ತು ಅಕ್ಕಿ ಬೇಕಾಗಿದ್ದ ಗೋವೆಯ ಪೋರ್ಚುಗೀಸರು ಅವನ ಹತ್ತಿರ ರಾಯಭಾರಿಯನ್ನು ಕಳಿಸಬೇಕಾಯಿತು. 1623ರ ಕೊನೆಯಲ್ಲಿ ಹೊರಟ ಆ ರಾಯಭಾರಿಯ ಪರಿವಾರದ ಜೊತೆ ದೆಲ್ಲಾ ವಾಲೆ ಸೇರಿಕೊಂಡ. ಹೊನ್ನಾವರದಲ್ಲಿಳಿದು, ಹೊಳೆಯಲ್ಲಿ ಗೇರುಸೊಪ್ಪೆಯವರೆಗೆ ಬಂದು, ಘಟ್ಟ ಹತ್ತಿದ.

ದಾರಿಯಲ್ಲೊಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದ. ಮೇಷ್ಟ್ರಿಲ್ಲದೆ ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕಂಡು ಇದು ಎಷ್ಟು ಸುಲಭದ ವಿಧಾನ ಅಂತ ಮೆಚ್ಚಿದ. ಇಕ್ಕೇರಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಸುತ್ತು ಕಟ್ಟಿ ಕುಣಿಯುತ್ತಾ, "ಕೋಲೆ ಕೋಲೆ" ಅನ್ನುತ್ತಿದ್ದರು ಅಂತಲೂ ಬರೆದಿದ್ದಾನೆ.

"ಅಯ್ಯೋ, ಅದನ್ನ ನಾವೂ ಶಾಲೇಲಿ ಆಡ್ತಿದ್ವಲ್ರೀ!" ಅಂದಳು ಇವಳು. ಒಬ್ಬ ರೋಮಿನವನು ಕೇಳಿಸಿಕೊಂಡು ಬರೆದಿಟ್ಟ ಎರಡು ಶಬ್ದ, ನಾನೂರು ವರ್ಷದ ಮೇಲೆ ನನ್ನ ಹೆಂಡತಿಗೆ ತನ್ನ ಶಾಲೆಯ ಅಂಗಳ ನೆನಪಿಸಿತು. ಇತಿಹಾಸ ಓದುವ ಖುಷಿ ಅಂದರೆ ನನಗೆ ಇಷ್ಟೇ ನೋಡಿ.

ಆದರೆ ಇಕ್ಕೇರಿಯ ಇನ್ನೊಂದು ಪ್ರಸಂಗ ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಒಂದು ಸಂಜೆ ಅವನು ಬೀದಿಯಲ್ಲಿ ಒಬ್ಬ ಹೆಂಗಸನ್ನು ಕಂಡ. ಕುದುರೆಯ ಮೇಲೆ ಕೂತಿದ್ದಾಳೆ. ಮುಖಕ್ಕೆ ಮುಸುಕಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದಾನೆ, ಸಹಗಮನಕ್ಕೆ ನಿರ್ಧರಿಸಿದ್ದಾಳೆ. ಕೆಲವು ದಿನದ ಮೇಲೆ ದೆಲ್ಲಾ ವಾಲೆ ಅವಳ ಮನೆಗೇ ಹೋಗಿ ಮಾತಾಡಿಸಿದ. ತೆಲುಗಿನವಳು, ಸುಮಾರು ಮೂವತ್ತರ ಪ್ರಾಯ. ಗಂಡ ವಾದ್ಯ ಬಾರಿಸುವವನು. ಅವನಿಗೆ ಇನ್ನಿಬ್ಬರು ಹೆಂಡಿರಿದ್ದರು, ಅವರು ಸಾಯಲು ಒಪ್ಪಿರಲಿಲ್ಲ. ಇವಳಿಗೆ ಚಿಕ್ಕ ಮಗನಿದ್ದ. ಈ ಮಗುವನ್ನು ಬಿಟ್ಟು ಹೇಗೆ ಹೋಗುತ್ತೀಯಾ ಅಂತ ಕೇಳಿದ, ಬೇಡವೆಂದು ಹೇಳಿ ನೋಡಿದ. ಅವಳು ನಗುನಗುತ್ತಲೇ ಮಾತಾಡಿದಳಂತೆ. ತನ್ನಿಷ್ಟದಿಂದಲೇ ಹೋಗುತ್ತಿದ್ದೇನೆ ಅಂದಳಂತೆ. ಕೊನೆಗೆ ಅವನು, ನಿನ್ನ ಹೆಸರು ಈ ಲೋಕದಲ್ಲಿ ಉಳಿಯುವ ಹಾಗೆ ನಾನು ಬರೆಯುತ್ತೇನೆ ಅಂತ ಮಾತು ಕೊಟ್ಟ. ಅವನ ಇಟಾಲಿಯನ್ ಅಕ್ಷರಗಳಲ್ಲಿ ಬರೆದ ಹೆಸರು ನಮ್ಮ ಕಿವಿಗೆ "ಜಕ್ಕಮ್ಮ" ಅಂತಲೇ ಕೇಳಿಸುತ್ತದೆ.

ಇವಳು ಹುಟ್ಟಿ ಬೆಳೆದ ಊರಿನ ಪಕ್ಕದ ಕಥೆ. ಒಮ್ಮೆಯೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತನ್ನಿಷ್ಟ ಅಂತೆ. ಊರಿನವರೆಲ್ಲ ಸುತ್ತ ನಿಂತಿರುವಾಗ ಬೇರೆ ಏನು ಹೇಳ್ತಾಳೆ ಪಾಪ?" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರು ಹತ್ತಿದೆವು.

ತಾಳಗುಪ್ಪ, ಮಾವಿನಗುಂಡಿ ದಾಟಿ ಘಟ್ಟ ಇಳಿಯತೊಡಗಿದರೆ ಕಿವಿ ಗುಂಯ್ ಅನ್ನುತ್ತದೆ, ಸೆಖೆ ಶುರುವಾಗುತ್ತದೆ. ಕೆಳಗೆ ಗೇರುಸೊಪ್ಪೆ. ಹೊಳೆ ದಾಟಿ ಆಚೆಯ ನಗರಬಸ್ತಿಕೇರಿಗೆ ಹೋದರೆ ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಕಣ್ಣಿಗೆ ಬೀಳುವುದು ಮರ, ಮತ್ತೆ ಮರ. ಇದೊಂದು ರಾಜಧಾನಿಯಾಗಿತ್ತು ಅಂದರೆ ನಂಬುವುದು ಕಷ್ಟ. ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿಂದ ಆಳಿದಳು. ಘಟ್ಟದ ಮೆಣಸು ಇದೇ ಹೊಳೆಯಲ್ಲಿ ಇಳಿದು ಕಡಲು ಸೇರುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಕೊನೆಗೆ ಇದೇ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆ ಹಿಡಿದ.

ದೆಲ್ಲಾ ವಾಲೆ ಬಂದದ್ದು ಅದಾದ ಹದಿನೇಳು ವರ್ಷಕ್ಕೆ. ಅಷ್ಟರಲ್ಲೇ ಅರಮನೆ ಬಿದ್ದಿತ್ತು, ಮನೆಗಳ ಮೇಲೆ ಮರ ಬೆಳೆದಿತ್ತು, ಕೆಲವು ರೈತರ ಗುಡಿಸಲು ಮಾತ್ರ ಉಳಿದಿದ್ದವು. ರಾಣಿ ಯಾಕೆ ಸೋತಳು ಅಂದರೆ, ಅವಳು ಒಬ್ಬ ಪರಸ್ಥಳದವನ ಪ್ರೀತಿಗೆ ಬಿದ್ದು ಅಧಿಕಾರವನ್ನೆಲ್ಲ ಅವನ ಕೈಗೆ ಕೊಟ್ಟಳು, ಅವನು ತಿರುಗಿಬಿದ್ದ, ಹಾಗಾಗಿ ರಾಜ್ಯ ಹೋಯಿತು ಅಂತ ಅವನ ಕಿವಿಗೆ ಬಿದ್ದ ಕಥೆ.

ಇಲ್ಲಿ ನನ್ನ ಅನುಮಾನ ಹೇಳಿಬಿಡುತ್ತೇನೆ. ಅವನು ಹೋಗುತ್ತಿದ್ದದ್ದು ಗೆದ್ದವನ ಆಸ್ಥಾನಕ್ಕೆ. ಜೊತೆಯಲ್ಲಿದ್ದವರು ಅವಳ ಹಳೆಯ ವೈರಿ ಪೋರ್ಚುಗೀಸರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಳೆ, ಬಂದರು, ಮೆಣಸು ಎಲ್ಲವನ್ನೂ ಸಂಭಾಳಿಸಿದವಳು ಮುದಿವಯಸ್ಸಿನಲ್ಲಿ ಪ್ರೀತಿಗೆ ಬಿದ್ದು ಹಾಳಾದಳು ಅಂತ ಇವರಿಬ್ಬರೂ ಹೇಳಿದರೆ ಎಷ್ಟು ನಂಬಬೇಕು? ಗಂಡು ಅರಸ ಸೋತರೆ ಸೈನ್ಯ ಸಾಲಲಿಲ್ಲ ಅನ್ನುತ್ತೇವೆ. ರಾಣಿ ಸೋತರೆ ಅಲ್ಲೊಬ್ಬ ಗಂಡಸು ಬೇಕೇ ಬೇಕು.

ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿ ಜೊತೆಗೇ ಬರುತ್ತಾಳೆ. ಈ ಹೊಳೆಯ ಚೆಲುವನ್ನು ದೆಲ್ಲಾ ವಾಲೆ ಬಾಯ್ತುಂಬ ಹೊಗಳಿದ್ದಾನೆ. ಅಡಿಕೆ ತೋಟ, ತೆಂಗು, ನಡುನಡುವೆ ಹೊಳೆಯ ಹೊಳಪು. ಹೊನ್ನಾವರದ ಸೇತುವೆ ದಾಟುವಾಗ ಬಲಗಡೆ ಅಳಿವೆ, ಅದರಾಚೆ ಕಡಲು. ಕೊಂಕಣ ರೈಲು ಪೂರ್ತಿ ಉದ್ದಕ್ಕೆ ಓಡತೊಡಗಿದ್ದು 1998ರಲ್ಲಿ. ಹೊಳೆಗಳಿಗೆಲ್ಲ ಸೇತುವೆ ಬರುವ ಮುಂಚೆ ಈ ಕರಾವಳಿಯಲ್ಲಿ ಊರಿಂದೂರಿಗೆ ಹೋಗುವುದು ಅಂದರೆ ಒಂದೊಂದು ಅಳಿವೆಯಲ್ಲೂ ದೋಣಿಗೆ ಕಾಯುವುದು. ಯಾಕೆ ಇಲ್ಲಿ ಹೊಳೆಗೊಬ್ಬ ಅರಸ, ಅಳಿವೆಗೊಂದು ಕೋಟೆ ಇತ್ತು ಅಂತ ಈ ಸೇತುವೆಗಳನ್ನು ದಾಟುತ್ತಾ ಹೋದರೆ ಗೊತ್ತಾಗುತ್ತದೆ. ನಾವೋ, ಒಂದು ಹಾಡು ಮುಗಿಯುವುದರೊಳಗೆ ಒಂದು ರಾಜ್ಯ ದಾಟಿಬಿಡುತ್ತೇವೆ!

ಭಟ್ಕಳ ದಾಟಿ ಮರವಂತೆಗೆ ಬಂದಾಗ ಸಂಜೆ. ಗೊತ್ತಲ್ಲ ನಿಮಗೆ, ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ರಸ್ತೆ. ಗಾಡಿ ನಿಲ್ಲಿಸಿ ಕಲ್ಲಿನ ಮೇಲೆ ಕೂತೆವು. ಅಲ್ಲಿ ಇವಳು ಕೇಳಿಯೇಬಿಟ್ಟಳು.

"ಅಲ್ರೀ, ನಿಮ್ಮ ಈ ದೆಲ್ಲಾ ವಾಲೆ ಕಂಡಕಂಡವರ ಗಂಡ ಹೆಂಡತಿ ವಿಷಯವನ್ನೇ ಕೇಳ್ಕೊಂಡು ಓಡಾಡಿದ್ದಾನಲ್ಲ. ಅವನಿಗೆ ಹೆಂಡತಿ ಇರ್ಲಿಲ್ವಾ?"

ನಾನು ಇಷ್ಟು ಹೊತ್ತು ಬಚ್ಚಿಟ್ಟದ್ದು ಅದನ್ನೇ.

ಇದ್ದಳು. ಹೆಸರು ಸಿತ್ತಿ ಮಾನಿ. ಮಾರ್ದಿನ್ ಎಂಬ ಊರಿನಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಬೆಳೆದ ಕ್ರಿಶ್ಚಿಯನ್ ಹುಡುಗಿ. ದಾರಿಯಲ್ಲೇ ಅವಳ ಚೆಲುವಿನ ಬಗ್ಗೆ ಕೇಳಿ, ನೋಡುವ ಮೊದಲೇ ಒಲಿದು, 1616ರಲ್ಲಿ ಅವಳನ್ನು ಮದುವೆಯಾದ. ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಪರ್ಷಿಯಾದಲ್ಲೆಲ್ಲ ಅವಳು ಜೊತೆಯಲ್ಲೇ ಪ್ರಯಾಣ ಮಾಡಿದಳು. ಭಾರತಕ್ಕೆ ಹಡಗು ಹಿಡಿಯಲು ಹೊರ್ಮುಜ್ ಹತ್ತಿರದ ಮಿನಾಬಿಗೆ ಬಂದರು. ಅವಳು ಬಸುರಿ. ಅಲ್ಲಿನ ಕೆಟ್ಟ ಹವೆಗೆ ಜ್ವರ ಬಂತು, ಮಗು ಉಳಿಯಲಿಲ್ಲ. 1621ರ ಡಿಸೆಂಬರ್ ಕೊನೆಯಲ್ಲಿ ಅವಳೂ ಹೋದಳು. ಐದು ವರ್ಷದ ದಾಂಪತ್ಯ ಅಷ್ಟೆ.

ಅವಳನ್ನು ಆ ಪರದೇಶದ ಮಣ್ಣಿನಲ್ಲಿ ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ, ಕೆಡದಂತೆ ಮಾಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟ. ಹೆಣವಿರುವ ಹಡಗು ಅಂದರೆ ನಾವಿಕರಿಗೆ ಅಪಶಕುನ. ಅದಕ್ಕೇ ಬಟ್ಟೆಬರೆಯ ಪೆಟ್ಟಿಗೆಯೊಳಗೆ ಅಡಗಿಸಿ ಯಾರಿಗೂ ಗೊತ್ತಾಗದಂತೆ ಭಾರತಕ್ಕೆ ತಂದ. ಮುಂದೆ ಗೋವೆಯಿಂದ ಮಸ್ಕತ್, ಬಸ್ರಾ, ಅಲೆಪ್ಪೊ ಮಾರ್ಗವಾಗಿ ಕಡಲು ಮರುಭೂಮಿ ಎಲ್ಲ ದಾಟಿಸಿ, 1626ರಲ್ಲಿ ರೋಮಿಗೆ ಮುಟ್ಟಿಸಿದ. ತನ್ನ ವಂಶದವರ ಸಮಾಧಿ ಇರುವ ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದ. 1627ರಲ್ಲಿ ದೊಡ್ಡದಾಗಿ ಅವಳ ಉತ್ತರಕ್ರಿಯೆ ನಡೆಸಿ ಭಾಷಣಕ್ಕೆ ನಿಂತವನು ಅಳು ತಡೆಯಲಾರದೆ ಅರ್ಧಕ್ಕೇ ನಿಲ್ಲಿಸಿದನಂತೆ.

ಅಂದರೆ ಇಕ್ಕೇರಿಯಲ್ಲಿ ಜಕ್ಕಮ್ಮನ ಎದುರು ಕೂತು, ನೀನು ಸಾಯಬೇಡ, ಮಗುವನ್ನು ನೋಡಿಕೋ ಅಂದವನು ಹೆಂಡತಿ ಮಗು ಎರಡನ್ನೂ ಕಳೆದುಕೊಂಡು ಎರಡು ವರ್ಷವೂ ಆಗಿರದ ಮನುಷ್ಯ.

ನಾನು ಇದನ್ನೆಲ್ಲ ಕಡಲಿನ ಕಡೆ ನೋಡುತ್ತಾ ಹೇಳಿದೆ. ಮುಗಿದ ಮೇಲೆ ಇವಳು ಕೇಳಿದ್ದು ಒಂದೇ ಪ್ರಶ್ನೆ. "ಆಸ್ಪತ್ರೇಲಿ ನಾನು ಒಳಗೆ ಮಲಗಿದ್ದಾಗ ನೀವು ಹೊರಗೆ ಕೂತು ಇದನ್ನ ಓದ್ತಿದ್ರಾ?"

"ಹೂಂ."

"ಒಳ್ಳೇ ಪುಸ್ತಕ ಸಿಕ್ತು ನಿಮಗೆ!" ಅಂತ ನಕ್ಕಳು. ಆಮೇಲೆ ಕೈ ಹಿಡಿದುಕೊಂಡಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾವು ರಸ್ತೆ ಬದಿಯಲ್ಲಿ ಕೈ ಹಿಡಿದು ಕೂತದ್ದು ಇದೇ ಮೊದಲಿರಬೇಕು. ಲಾರಿಯವನೊಬ್ಬ ಹಾರ್ನ್ ಬೇರೆ ಹೊಡೆದ.

ಮರುದಿನ ಕುಂದಾಪುರದಿಂದ ಸ್ವಲ್ಪ ಒಳಗಿರುವ ಬಸರೂರಿಗೆ ಹೋದೆವು. ಇಕ್ಕೇರಿಯಿಂದ ಘಟ್ಟ ಇಳಿದು ದೆಲ್ಲಾ ವಾಲೆ ಬಂದದ್ದು ಇಲ್ಲಿಗೇ. ಅಕ್ಕಿಯ ವ್ಯಾಪಾರದಿಂದ ಬೆಳೆದ ದೊಡ್ಡ ಬಂದರು ಇದು. 1665ರಲ್ಲಿ ಶಿವಾಜಿ ಕಡಲ ಮೇಲಿನಿಂದ ಬಂದು ಸೂರೆ ಮಾಡಿದ್ದು ಇದನ್ನೇ. ಈಗ ದೇವಸ್ಥಾನಗಳು, ಹೊಳೆ, ತೆಂಗಿನ ನೆರಳು. ಬಂದರು ಅನ್ನುವುದರ ಗುರುತು ಹುಡುಕಬೇಕು.

ಕೊನೆಗೆ ಮಂಗಳೂರು, ಉಳ್ಳಾಲ. ಇಲ್ಲಿಗೆ ಬಂದರೆ ಅವನ ಇಡೀ ಪ್ರಯಾಣಕ್ಕೆ ಮೂಲ ಕಾರಣ ಗೊತ್ತಾಗುತ್ತದೆ. ಅದೂ ಒಂದು ಗಂಡ ಹೆಂಡಿರ ಜಗಳ!

ಉಳ್ಳಾಲದ ಚೌಟ ರಾಣಿಗೆ ನೇತ್ರಾವತಿಯ ಆಚೆ ಆಳುತ್ತಿದ್ದ ಬಂಗ ಅರಸನ ಜೊತೆ ಮದುವೆಯಾಗಿತ್ತು. ಹೊಂದಿಕೆಯಾಗಲಿಲ್ಲ. ರಾಣಿ ಅವನು ಕೊಟ್ಟ ಒಡವೆಗಳನ್ನು ವಾಪಸು ಕಳಿಸಿ ಸಂಬಂಧ ಕಡಿದುಕೊಂಡಳು. ಚೌಟರದು ಅಳಿಯಸಂತಾನ, ಆಸ್ತಿ ಅಧಿಕಾರ ಹೆಣ್ಣಿನ ಕಡೆಯಿಂದ ಇಳಿದು ಬರುವ ಪದ್ಧತಿ. ಗಂಡನನ್ನು ಬಿಟ್ಟರೆ ಅವಳ ನೆಲವೂ ಹೋಗುವುದಿಲ್ಲ, ಪಟ್ಟವೂ ಹೋಗುವುದಿಲ್ಲ. ಅವನು ಅವಳನ್ನು ಸೆರೆ ಹಿಡಿಸಿದ, ಅವಳು ಮಾತಿನಲ್ಲೇ ಕಾವಲಿನವರನ್ನು ಒಲಿಸಿ ಬಿಡಿಸಿಕೊಂಡಳು. ಯುದ್ಧವಾಯಿತು. ಅವನು ಪೋರ್ಚುಗೀಸರನ್ನು ಕರೆದ, ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ಅವಳ ಪಕ್ಷ ಗೆದ್ದಿತು. ಬಂಗ ಅರಸನ ನೆಲದ ವಿಷಯ ಇತ್ಯರ್ಥ ಮಾಡಿಕೊಳ್ಳಲೆಂದೇ ಮುಖ್ಯವಾಗಿ ಆ ರಾಯಭಾರ ಇಕ್ಕೇರಿಗೆ ಹೋದದ್ದು.

ಅಬ್ಬಕ್ಕ ಅಂದಕೂಡಲೇ 1550, 60ರ ದಶಕಗಳಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದವಳು ನೆನಪಾಗುತ್ತಾಳೆ. 2003ರಲ್ಲಿ ಅಂಚೆ ಚೀಟಿ ಬಂತು, 2012ರಲ್ಲಿ ಕೋಸ್ಟ್ ಗಾರ್ಡ್ ಹಡಗಿಗೆ ಆ ಹೆಸರು ಬಂತು. ಆದರೆ ದೆಲ್ಲಾ ವಾಲೆ 1623ರಲ್ಲಿ ಕಂಡ ರಾಣಿ ಸುಮಾರು ನಲವತ್ತರವಳಂತೆ ಕಾಣುತ್ತಿದ್ದಳು. ಅವನು ಬರೆದ ಹೆಸರು ಅಬ್ಬಕ್ಕದೇವಿ ಚೌಟ ಅಂತಲೇ ಓದಿಕೊಳ್ಳುವಂತಿದೆ. ಹಾಗಾಗಿ ಅಬ್ಬಕ್ಕ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರು ಅಂತ ಇತಿಹಾಸಕಾರರು ಹೇಳುತ್ತಾರೆ. ಜನರ ನೆನಪಿನಲ್ಲಿ ಎಲ್ಲರೂ ಸೇರಿ ಒಬ್ಬಳೇ ಆಗಿದ್ದಾಳೆ. ತಪ್ಪೇನಿಲ್ಲ ಬಿಡಿ, ಎಲ್ಲರೂ ಗಟ್ಟಿಗಿತ್ತಿಯರೇ.

ಅವನು ಅವಳನ್ನು ಕಂಡದ್ದು ಅರಮನೆಯಲ್ಲಲ್ಲ. ಮಂಗಳೂರಿನ ಹತ್ತಿರ ಅವನು "ಮನೆಲ್" ಅಂತ ಬರೆದ ಊರಿನಲ್ಲಿ, ಹೊಲದ ಕಡೆ. ರಾಣಿ ಕಾಲುವೆ ತೋಡುವ ಕೆಲಸ ನೋಡಲು ಬಂದಿದ್ದಳು. ಬರಿಗಾಲು. ಸೊಂಟಕ್ಕೊಂದು ಬಟ್ಟೆ, ಹೆಗಲ ಮೇಲೊಂದು ತೆಳು ವಸ್ತ್ರ. ಆಳೊಬ್ಬ ಅವಳ ಮೇಲೆ ತಾಳೆಗರಿಯ ಕೊಡೆ ಹಿಡಿದಿದ್ದ. ಕಪ್ಪು ಬಣ್ಣ, ತುಂಬಿದ ಮೈ. ನೋಡಿದರೆ ರಾಣಿಗಿಂತ ಅಡಿಗೆಯವಳ ಥರ ಕಾಣುತ್ತಾಳೆ, ಆದರೆ ಬಾಯಿಬಿಟ್ಟರೆ ಅರಸಿಯ ಮಾತು ಅಂತ ಅವನ ವರ್ಣನೆ. ಯಾವ ದೇಶದವನು, ಈ ಕಾಡಿಗೆ ಯಾಕೆ ಬಂದೆ ಅಂತ ಅವಳೇ ನಿಂತು ವಿಚಾರಿಸಿದಳು. ಹಗಲು ಹೊಲದ ಕೆಲಸ, ರಾತ್ರಿ ನ್ಯಾಯ ತೀರ್ಮಾನ, ಇದು ಅವಳ ದಿನಚರಿ.

ಉಳ್ಳಾಲದ ಕಡಲ ದಂಡೆಯಲ್ಲಿ ನಡೆಯುತ್ತಾ ನಾನು ಆ ಭೇಟಿಯನ್ನೇ ಯೋಚಿಸುತ್ತಿದ್ದೆ. ಒಂದು ಕಡೆ ಗಂಡನ ಒಡವೆ ವಾಪಸು ಕಳಿಸಿದವಳು. ಎದುರಿಗೆ ಹೆಂಡತಿಯ ದೇಹವನ್ನೇ ಬಿಡಲಾರದವನು. ಗದ್ದೆಯ ಬದುವಿನಲ್ಲಿ ನಿಂತು ಮಾತಾಡುತ್ತಿದ್ದಾರೆ.

ನನಗನ್ನಿಸುವುದು ಇಷ್ಟು. ಆ ಕಾಲದ ಪೋರ್ಚುಗೀಸರ ಕಾಗದಪತ್ರ ತೆಗೆದರೆ ಮೆಣಸಿನ ದರ, ಅಕ್ಕಿಯ ಕಪ್ಪ, ಕೋಟೆ, ಹಡಗು. ನಮ್ಮ ಶಾಸನಗಳಲ್ಲಿ ದಾನ, ದತ್ತಿ, ಬಿರುದು. ಬೀದಿಯಲ್ಲಿ ಕಂಡ ಹೆಂಗಸಿನ ಮನೆಗೆ ಹೋಗಿ ನಿನ್ನ ಹೆಸರೇನಮ್ಮಾ, ನಿನ್ನ ಮಗನ ಗತಿಯೇನು ಅಂತ ಕೇಳಿ ಬರೆದಿಟ್ಟವರು ಅಪರೂಪ. ಅವನ ಮಾತಿನಲ್ಲಿ ಅಹಂಕಾರ ಇದೆ, ತಪ್ಪು ತಿಳುವಳಿಕೆಯೂ ಇದೆ. ಆದರೂ ಮನೆಯ ದುಃಖ ಹೊತ್ತುಕೊಂಡು ತಿರುಗುವವನಿಗೆ ಇನ್ನೊಬ್ಬರ ಮನೆಯ ಸುದ್ದಿ ಕೇಳುವ ಕಿವಿ ಇರುತ್ತದೆ. ನಮ್ಮ ಕರಾವಳಿಯ ಇಷ್ಟು ಹೆಂಗಸರ ಬದುಕು ನಮಗೆ ಉಳಿದದ್ದು, ಒಂದು ಲೆಕ್ಕದಲ್ಲಿ, ಮಿನಾಬಿನಲ್ಲಿ ತೀರಿಕೊಂಡ ಆ ಇಪ್ಪತ್ತು ಚಿಲ್ಲರೆ ವಯಸ್ಸಿನ ಮಾನಿಯಿಂದ.

ವಾಪಸು ಹೊರಡುವಾಗ ಇವಳಿಗೆ ಮತ್ತೊಂದು ಅನುಮಾನ. "ಆಮೇಲೆ ಇನ್ನೊಂದು ಮದುವೆ ಆದ್ನಾ ಅವನು?"

ಸುಳ್ಳು ಹೇಳಲಾಗಲಿಲ್ಲ. ಆದ. ಮಾನಿ ಸಾಕಿದ್ದ ಜಾರ್ಜಿಯಾ ದೇಶದ ಅನಾಥ ಹುಡುಗಿ ಮರಿಯುಚ್ಚಾ ಭಾರತದ ಪ್ರಯಾಣದಲ್ಲೂ ಅವನ ಜೊತೆಗಿದ್ದಳು. ರೋಮಿಗೆ ಹೋದ ಮೇಲೆ ಅವಳನ್ನೇ ಮದುವೆಯಾದ. ಹದಿನಾಲ್ಕು ಮಕ್ಕಳು. 1652ರಲ್ಲಿ ತೀರಿಕೊಂಡ.

"ಹದಿನಾಲ್ಕಾ!" ಅಂದಳು. ಸುರತ್ಕಲ್ ದಾಟುವವರೆಗೂ ನಗುತ್ತಲೇ ಇದ್ದಳು. ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನಾನು ನಡುನಡುವೆ ತಿರುಗಿ ನೋಡುತ್ತಿದ್ದೆ, ಉಸಿರಾಡುತ್ತಿದ್ದಾಳಲ್ಲ ಅಂತ. ಆಸ್ಪತ್ರೆಯ ದಿನಗಳಿಂದ ಅಂಟಿಕೊಂಡ ಅಭ್ಯಾಸ, ಇನ್ನೂ ಬಿಟ್ಟಿಲ್ಲ.

ನೀವು ಆ ಕಡೆಯವರಾಗಿದ್ದು, ಗೇರುಸೊಪ್ಪೆಯ ರಾಣಿಯ ಬಗ್ಗೆಯೋ ಉಳ್ಳಾಲದ ಅಬ್ಬಕ್ಕಂದಿರ ಬಗ್ಗೆಯೋ ಮನೆಯ ಹಿರಿಯರು ಹೇಳಿದ ಕಥೆ ಇದ್ದರೆ ದಯವಿಟ್ಟು ಬರೆಯಿರಿ. ಗೆದ್ದವರು ಹೇಳಿದ್ದು ಸಾಕಷ್ಟಿದೆ. ನಿಮ್ಮಜ್ಜಿ ಹೇಳಿದ್ದು ಬೇಕು.